ಹಳೆ ಕಾರಿನ ಮುಂಭಾಗ ಕಟಕಟ ಅಂದರೆ ಎಲ್ಲವನ್ನೂ ಬದಲಿಸಬೇಕೇ?

ಪ್ರಶ್ನೆ: ನನ್ನದು 14 ವರ್ಷ ಹಳೆಯ ಹ್ಯಾಚ್‌ಬ್ಯಾಕ್. 1,20,000 ಕಿ.ಮೀ. ಓಡಿದೆ. ಎಂಜಿನ್ ಚೆನ್ನಾಗಿದೆ. ಆದರೆ ಆರು ತಿಂಗಳಿಂದ ಸಣ್ಣ ಗುಂಡಿಗಳ ಮೇಲೆ ನಿಧಾನವಾಗಿ ಹೋದರೂ ಮುಂದಿನ ಎಡಗಡೆಯಿಂದ ಕಟಕಟ ಸದ್ದು ಬರುತ್ತಿದೆ. ಬ್ರೇಕ್ ಒತ್ತಿದಾಗ ಒಮ್ಮೊಮ್ಮೆ ಕೆಳಗಿನಿಂದ ‘ದಡ್’ ಅನ್ನುತ್ತದೆ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಸ್ವಲ್ಪ ಸಡಿಲ ಅನಿಸುತ್ತದೆ. ಮುಂದಿನ ಎರಡೂ ಟೈರ್‌ಗಳ ಒಳಅಂಚು ಸವೆದಿದೆ. ಈ ವರ್ಷ ಎರಡು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದೆ, ಪ್ರಯೋಜನ ಆಗಲಿಲ್ಲ. ಒಬ್ಬ ಮೆಕ್ಯಾನಿಕ್ ಬರೀ ಲಿಂಕ್ ರಾಡ್ ಸಾಕು ಅಂದರು. ಇನ್ನೊಬ್ಬರು ಸ್ಟೀರಿಂಗ್ ರ‍್ಯಾಕ್ ಹೋಗಿದೆ ಅಂದರು. ಮೂರನೆಯವರು ‘ಎಲ್ಲಾ ಇಳಿಸಿ ಪೂರ್ತಿ ಹೊಸದು ಹಾಕೋಣ’ ಅನ್ನುತ್ತಾರೆ. ಇನ್ನೂ ಮೂರು ನಾಲ್ಕು ವರ್ಷ ಈ ಕಾರು ಇಟ್ಟುಕೊಳ್ಳುವ ಆಸೆ. ವಯಸ್ಸಾದ ಅಪ್ಪ ಅಮ್ಮನನ್ನು ಇದರಲ್ಲೇ ಕರೆದುಕೊಂಡು ಓಡಾಡುತ್ತೇನೆ. ಹೀಗೇ ಓಡಿಸುವುದು ಅಪಾಯವೇ? ಕೆಲಸವನ್ನು ಹಂತ ಹಂತವಾಗಿ ಮಾಡಿಸಬಹುದೇ? ಕಡಿಮೆ ಬೆಲೆಯ ಬಿಡಿಭಾಗ ನಡೆಯುತ್ತದೆಯೇ?

ಉತ್ತರ: ನಿಮ್ಮ ಮೂವರು ಮೆಕ್ಯಾನಿಕ್‌ಗಳಲ್ಲಿ ಯಾರೂ ಸುಳ್ಳು ಹೇಳಿರಬೇಕಾಗಿಲ್ಲ. ನೀವು ಹೇಳಿರುವುದು ಒಂದು ದೂರಲ್ಲ, ನಾಲ್ಕು. ಸಣ್ಣ ಗುಂಡಿಯ ಕಟಕಟ, ಬ್ರೇಕಿನ ದಡ್, ಸ್ಟೀರಿಂಗ್ ಸಡಿಲ, ಟೈರ್ ಸವೆತ. ಒಬ್ಬೊಬ್ಬರು ಒಂದೊಂದನ್ನು ಹಿಡಿದುಕೊಂಡಿದ್ದಾರೆ, ಮೂರನೆಯವರು ತಲೆಬಿಸಿಯೇ ಬೇಡ ಅಂತ ಎಲ್ಲವನ್ನೂ ಸೇರಿಸಿದ್ದಾರೆ. ನಾನು ಕಾರು ನೋಡಿಲ್ಲ, ಹಾಗಾಗಿ ಇಂಥದ್ದೇ ಹೋಗಿದೆ ಅಂತ ಇಲ್ಲಿಂದ ಹೇಳಲಾರೆ. ಆದರೆ ಯಾವುದನ್ನು ಮೊದಲು ನೋಡಬೇಕು, ಯಾವುದಕ್ಕೆ ಕಾಯಬಹುದು ಅನ್ನುವುದನ್ನು ಹೇಳಬಹುದು.

ನಿಮ್ಮ ಗಮನವೆಲ್ಲ ಸದ್ದಿನ ಮೇಲಿದೆ. ಅದು ಸಹಜ, ಕಿವಿಗೆ ಬೀಳುವುದು ಅದೇ ಅಲ್ವಾ. ಆದರೆ ಈ ಕೆಲಸದಲ್ಲಿ ಸದ್ದು ಎಷ್ಟಿದೆ ಅನ್ನುವುದಕ್ಕೂ ಅಪಾಯ ಎಷ್ಟಿದೆ ಅನ್ನುವುದಕ್ಕೂ ನಂಟು ಬಹಳ ಕಡಿಮೆ. ಅತಿ ಹೆಚ್ಚು ಗಲಾಟೆ ಮಾಡುವ ಲಿಂಕ್ ರಾಡ್ ಈ ಪೈಕಿ ಅತಿ ಕಡಿಮೆ ಅಪಾಯದ್ದು. ಅದು ಸ್ಟೆಬಿಲೈಸರ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸಲಾಕೆ) ಮತ್ತು ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ನಡುವಿನ ಸಣ್ಣ ಕಡ್ಡಿ. ಎರಡು ತುದಿಯಲ್ಲೂ ಪುಟ್ಟ ಬಾಲ್ ಜಾಯಿಂಟ್, ಅಂದರೆ ಬಟ್ಟಲಿನೊಳಗೆ ಗುಂಡು ತಿರುಗುವ ಕೀಲು. ಸವೆದರೆ ನಿಧಾನದ ವೇಗದಲ್ಲಿ, ಒಂದೇ ಚಕ್ರ ಏರಿಳಿದಾಗ ಕಟಕಟ ಅನ್ನುತ್ತದೆ. ನೀವು ಹೇಳಿದ ಸದ್ದು ಹೆಚ್ಚುಕಡಿಮೆ ಇದೇ. ಪೂರ್ತಿ ಮುರಿದುಹೋದರೂ ತಿರುವಿನಲ್ಲಿ ಕಾರು ಜಾಸ್ತಿ ವಾಲುತ್ತದೆ, ಚಕ್ರ ತನ್ನ ಜಾಗದಲ್ಲೇ ಇರುತ್ತದೆ.

ಕಾರಿನ ಕೆಳಭಾಗದಿಂದ ಚಕ್ರದ ಕಡೆಗೆ ಚಾಚಿರುವ ಲೋವರ್ ಆರ್ಮ್ ತುದಿಯ ಬಾಲ್ ಜಾಯಿಂಟ್ ಹಾಗಲ್ಲ. ಚಕ್ರದ ಕೆಳತುದಿಯನ್ನು ಹಿಡಿದಿರುವುದೇ ಅದು. ಗುಂಡು ಬಟ್ಟಲಿನಿಂದ ಹೊರಗೆ ಬಂದರೆ ಚಕ್ರ ಮಡಚಿಕೊಂಡು ಬಾಡಿಗೆ ತಾಗುತ್ತದೆ, ಕಾರು ಆ ಕಡೆ ಕುಸಿಯುತ್ತದೆ. ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಕಡ್ಡಿಯ ತುದಿಯ ಕೀಲು, ಅಂದರೆ ಟೈ ರಾಡ್ ಎಂಡ್, ಕಳಚಿದರೆ ಆ ಚಕ್ರ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಇವೆರಡೂ ಸಾಕಷ್ಟು ಸವೆದ ಮೇಲೂ ಹೆಚ್ಚು ಸದ್ದು ಮಾಡದೆ ಇರಬಲ್ಲವು. ಹಾಗಾಗಿ ‘ಓಡಿಸಬಹುದೇ’ ಅನ್ನುವ ಪ್ರಶ್ನೆಗೆ ಉತ್ತರ ಕಟಕಟದಲ್ಲಿಲ್ಲ, ಈ ಎರಡು ಜಾಯಿಂಟ್‌ಗಳಲ್ಲಿದೆ. ಅಪ್ಪ ಅಮ್ಮನನ್ನು ಕೂರಿಸಿಕೊಂಡು ದೂರ ಹೋಗುವ ಮೊದಲು ಇಷ್ಟನ್ನು ನೋಡಿಸಿ.

ನೋಡುವುದು ಹೇಗೆ

ಮೊದಲು ಕಾರು ನೆಲದ ಮೇಲೇ ಇರಲಿ, ನಾಲ್ಕೂ ಚಕ್ರ ಭಾರ ಹೊತ್ತಿರಲಿ. ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಮಾಡಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಗಿ. ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಒಂದೆರಡು ಇಂಚು ಮಾತ್ರ ಬೇಗ ಬೇಗ ಆಡಿಸಬೇಕು. ಇನ್ನೊಬ್ಬರು ಹೊರಗಿನಿಂದ ಟೈ ರಾಡ್ ಎಂಡ್ ಮೇಲೆ ಬೆರಳಿಡಬೇಕು, ಅರ್ಧ ಬೆರಳು ಜಾಯಿಂಟ್ ಮೇಲೆ, ಅರ್ಧ ಚಕ್ರ ಹಿಡಿದ ನಕಲ್ ಮೇಲೆ. ಚೆನ್ನಾಗಿದ್ದರೆ ಎರಡೂ ಒಟ್ಟಿಗೇ ಅಲುಗುತ್ತವೆ. ಸವೆದಿದ್ದರೆ ಕಡ್ಡಿ ಮೊದಲು ಹೋಗುತ್ತದೆ, ನಕಲ್ ಒಂದು ಕ್ಷಣ ತಡವಾಗಿ ಬರುತ್ತದೆ. ಆ ಟಿಕ್ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಆಮೇಲೆ ರ‍್ಯಾಕ್‌ನ (ಸ್ಟೀರಿಂಗ್ ತಿರುಗಿಸಿದಾಗ ಎಡ ಬಲ ಸರಿಯುವ ಹಲ್ಲಿನ ಸಲಾಕೆ) ಮಡಿಕೆ ಮಡಿಕೆ ರಬ್ಬರ್ ಬೂಟನ್ನು ಅದುಮಿ ಹಿಡಿದು ಒಳಗಿನ ಜಾಯಿಂಟಾದ ರ‍್ಯಾಕ್ ಎಂಡ್ ಅನ್ನು ಹೀಗೇ ಪರೀಕ್ಷಿಸಬಹುದು. ಅದೇ ಹೊತ್ತಿಗೆ ಪೆಡಲ್‌ಗಳ ಹತ್ತಿರ, ಸ್ಟೀರಿಂಗ್ ಕಾಲಂ ಕೆಳಗಿನ ಯುನಿವರ್ಸಲ್ ಜಾಯಿಂಟನ್ನೂ ಮುಟ್ಟಿ ನೋಡಲಿ. ಅಲ್ಲಿನ ಬೋಲ್ಟ್ ಸಡಿಲವಾಗಿದ್ದರೂ ನಿಮಗೆ ‘ರ‍್ಯಾಕ್ ಹೋಗಿದೆ’ ಅಂತಲೇ ಅನಿಸುತ್ತದೆ.

ಇನ್ನು ಜಾಕ್ ಹಾಕಿ ನೋಡುವುದು. ನಿಮ್ಮಂಥ ಹ್ಯಾಚ್‌ಬ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುತ್ತದೆ. ಇವಕ್ಕೆ ಬಾಡಿಯ ಜಾಕ್ ಪಾಯಿಂಟ್‌ನಲ್ಲೇ ಜಾಕ್ ಕೊಟ್ಟು ಚಕ್ರ ನೇತಾಡುವಂತೆ ಬಿಡಬೇಕು. ಲೋವರ್ ಆರ್ಮ್ ಕೆಳಗೆ ಜಾಕ್ ಕೊಟ್ಟರೆ ಸ್ಪ್ರಿಂಗ್ ಭಾರ ಬಾಲ್ ಜಾಯಿಂಟನ್ನು ಒತ್ತಿ ಹಿಡಿಯುತ್ತದೆ, ಇರುವ ಪ್ಲೇ (ಸವೆತದಿಂದಾದ ಸಡಿಲ ಆಟ) ಮುಚ್ಚಿಹೋಗುತ್ತದೆ. ‘ನೋಡಿದೆ ಸಾರ್, ಏನೂ ಇಲ್ಲ’ ಅನ್ನುವ ವರದಿ ಎಷ್ಟೋ ಸಲ ಬರುವುದು ಹೀಗೆ. ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಆಡಿಸಿ. ಆಡಿದರೆ ಬಾಲ್ ಜಾಯಿಂಟ್ ಇಲ್ಲವೇ ವೀಲ್ ಬೇರಿಂಗ್. ಯಾವುದು ಅಂತ ತಿಳಿಯಲು ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಜಾಯಿಂಟ್. ಎಡ ಬಲ ಹಿಡಿದು ಆಡಿಸಿದಾಗ ಮಾತ್ರ ಪ್ಲೇ ಇದ್ದರೆ ಅನುಮಾನ ಟೈ ರಾಡ್ ಕಡೆ ಹೋಗುತ್ತದೆ. ಇದೆಲ್ಲ ಹತ್ತಿಪ್ಪತ್ತು ನಿಮಿಷದ ಕೆಲಸ. ಈ ಪರೀಕ್ಷೆಗಳನ್ನು ಮಾಡದೆ ಬರೀ ಓಡಿಸಿ ನೋಡಿ ಪಟ್ಟಿ ಕೊಟ್ಟವರ ಪಟ್ಟಿಯನ್ನು ಪಕ್ಕಕ್ಕಿಡಿ.

ಜಾಯಿಂಟ್‌ಗಳ ರಬ್ಬರ್ ಬೂಟ್ ಹರಿದಿದೆಯಾ ಅಂತಲೂ ನೋಡಿ. ಹರಿದ ಬೂಟಿಗೆ ಸಿರಿಂಜಿನಲ್ಲಿ ಗ್ರೀಸ್ ತುಂಬಿ ‘ಇನ್ನು ಒಂದು ವರ್ಷ ಚಿಂತೆ ಇಲ್ಲ’ ಅನ್ನುವವರಿದ್ದಾರೆ. ಸದ್ದು ಕೆಲವು ದಿನ ನಿಲ್ಲುವುದು ನಿಜ. ಆದರೆ ಒಳಗೆ ಹೋದ ಮರಳು, ನೀರು ಅಲ್ಲೇ ಇರುತ್ತದೆ. ಗ್ರೀಸಿನ ಜೊತೆ ಸೇರಿ ಅದು ಅರೆಯುವ ಪೇಸ್ಟ್ ಆಗುತ್ತದೆ. ಗ್ರೀಸ್ ನಿಪ್ಪಲ್ ಇರುವ ಹಳೆ ವಿನ್ಯಾಸದ ಜಾಯಿಂಟ್‌ಗಳಿಗೆ ಗ್ರೀಸ್ ಹೊಡೆಯುತ್ತಲೇ ಇರಬೇಕು, ಅದು ಬೇರೆ ಮಾತು. ಸೀಲ್ ಮಾಡಿದ ಜಾಯಿಂಟಿನ ಬೂಟ್ ಹರಿದು ದಿನಗಳಾಗಿದ್ದರೆ ಜಾಯಿಂಟ್ ಬದಲಿಸುವುದೇ ದಾರಿ.

ಎರಡು ಅಲೈನ್‌ಮೆಂಟ್ ಯಾಕೆ ದಂಡವಾಯಿತು

ಅಲೈನ್‌ಮೆಂಟ್ ಮಾಡಿಸಿದರೆ ಟೈರ್ ಸವೆತ ನಿಲ್ಲುತ್ತದೆ ಅನ್ನುವುದು ಅರ್ಧ ಸತ್ಯ. ಯಂತ್ರ ಅಳೆಯುವುದು ನಿಂತ ಕಾರನ್ನು. ನಿಮ್ಮ ‘ದಡ್’ ಸದ್ದು ಬ್ರೇಕ್ ಒತ್ತಿದಾಗ ಬರುತ್ತದೆ ಅಂದಿರಿ. ಲೋವರ್ ಆರ್ಮ್‌ನ ಹಿಂದಿನ ಬುಷ್ (ಆರ್ಮ್ ಕಾರಿಗೆ ಸೇರುವಲ್ಲಿರುವ ರಬ್ಬರ್ ಭಾಗ) ಹರಿದಾಗ ಬರುವ ಸದ್ದು ಸಾಮಾನ್ಯವಾಗಿ ಅದೇ. ರಿವರ್ಸ್ ಹೋಗಿ ಬ್ರೇಕ್ ಒತ್ತಿ, ಮತ್ತೆ ಮುಂದೆ ಬಂದು ಒತ್ತಿ. ಎರಡೂ ಸಲ ಒಂದೊಂದು ದಡ್ ಬಂದರೆ ಅನುಮಾನ ಗಟ್ಟಿಯಾಗುತ್ತದೆ. ಆ ಬುಷ್ ಇರುವುದೇ ಆರ್ಮ್ ಹಿಂದೆ ಮುಂದೆ ಓಡದಂತೆ ತಡೆಯಲು. ಅದು ಹರಿದ ಮೇಲೆ ಬ್ರೇಕ್ ಒತ್ತಿದಾಗೆಲ್ಲ ಚಕ್ರ ಹಿಂದಕ್ಕೆ ಸರಿಯುತ್ತದೆ, ಟೋ ಬದಲಾಗುತ್ತದೆ. ಅಂದರೆ ಚಕ್ರಗಳ ಮುಂತುದಿ ಒಳಗೋ ಹೊರಗೋ ತಿರುಗುವ ಅಳತೆ ಕೆಡುತ್ತದೆ. ನಿಂತಾಗ ಯಂತ್ರದ ಪರದೆ ಪೂರ್ತಿ ಹಸಿರು, ರಸ್ತೆಗಿಳಿದರೆ ಬೇರೆಯೇ ಲೆಕ್ಕ. ಸಡಿಲ ಭಾಗಗಳ ಮೇಲೆ ಮಾಡಿದ ಅಲೈನ್‌ಮೆಂಟ್ ಆ ಕ್ಷಣಕ್ಕೆ ಮಾತ್ರ ಸರಿ. ಒಳ್ಳೆಯ ಅಲೈನ್‌ಮೆಂಟ್ ಕೆಲಸಗಾರ ಮೊದಲು ಪ್ಲೇ ನೋಡುತ್ತಾನೆ, ಇದ್ದರೆ ಮಾಡಲ್ಲ ಅಂತ ವಾಪಸ್ ಕಳಿಸುತ್ತಾನೆ.

ಟೈರಿನ ಮೇಲೆ ಅಂಗೈ ಆಡಿಸಿ ನೋಡಿ. ಒಳಗಿನಿಂದ ಹೊರಕ್ಕೆ ಸವರಿದಾಗ ನುಣುಪು, ಹೊರಗಿನಿಂದ ಒಳಕ್ಕೆ ಸವರಿದಾಗ ಗರಗಸದ ಹಲ್ಲಿನಂತೆ ಚುಚ್ಚಿದರೆ, ಅಥವಾ ಇದಕ್ಕೆ ತಿರುಗಾಮುರುಗ ಇದ್ದರೆ, ಅದು ಟೋ ಕೆಟ್ಟ ಗುರುತು. ಒಳಅಂಚು ನುಣ್ಣಗೆ ಓರೆಯಾಗಿ ಸವೆದಿದ್ದರೆ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಅಳತೆ) ಕಡೆ ನೋಡಬೇಕು. ಇಂಥ ಎಷ್ಟೋ ಕಾರುಗಳಲ್ಲಿ ಮುಂದೆ ಹೊಂದಿಸಲು ಬರುವುದು ಟೋ ಒಂದೇ. ಕ್ಯಾಂಬರ್ ಅಳತೆಯಿಂದ ಹೊರಗಿದ್ದರೆ ಏನೋ ಬಗ್ಗಿದೆ, ಇಲ್ಲವೇ ಸ್ಪ್ರಿಂಗ್ ಕುಸಿದಿದೆ ಅಂತ ಅರ್ಥ. ಹೊಸ ಟೈರ್ ಈಗಲೇ ಹಾಕಿಸಬೇಡಿ. ಕೆಳಗಿನ ಕೆಲಸ ಮುಗಿಯಲಿ. ಒಳಅಂಚಿನಲ್ಲಿ ನೂಲು ಕಾಣುತ್ತಿದ್ದರೆ ಮಾತ್ರ ಕಾಯುವಂತಿಲ್ಲ, ಅಂಥ ಟೈರ್ ತೆಗೆಸಿ. ಟೈರ್ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಯನ್ನೂ ಓದಿಕೊಳ್ಳಿ. 2318 ಅಂದರೆ 2018ರ 23ನೇ ವಾರದಲ್ಲಿ ತಯಾರಾದದ್ದು.

ಬುಷ್ ಬದಲಿಸುವವರಿಗೆ ಒಂದು ಮಾತು

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊಸ ಬುಷ್ ಹಾಕಿ ಆರೇ ತಿಂಗಳಲ್ಲಿ ಹರಿಯಿತು, ಮಾಲು ಸರಿ ಇಲ್ಲ ಅನ್ನುವ ದೂರು ಮತ್ತೆ ಮತ್ತೆ ಬರುತ್ತದೆ. ಹಲವು ಸಲ ಮಾಲಿನ ತಪ್ಪಲ್ಲ, ಬಿಗಿ ಮಾಡಿದ ರೀತಿಯ ತಪ್ಪು.

ಈ ಬುಷ್‌ನಲ್ಲಿ ಹೊರಗೊಂದು ಕಬ್ಬಿಣದ ಕೊಳವೆ, ಒಳಗೊಂದು ಕೊಳವೆ, ನಡುವೆ ಎರಡಕ್ಕೂ ಅಂಟಿಸಿದ ರಬ್ಬರ್. ಅದು ಬೇರಿಂಗ್ ಥರ ತಿರುಗುವುದಿಲ್ಲ. ಆರ್ಮ್ ಏರಿಳಿದಾಗ ರಬ್ಬರ್ ತಿರುಚಿಕೊಂಡು ಮತ್ತೆ ವಾಪಸ್ ಬರುತ್ತದೆ. ಬೋಲ್ಟ್ ಬಿಗಿ ಮಾಡಿದ ಕ್ಷಣದಲ್ಲಿ ಆರ್ಮ್ ಯಾವ ಮಟ್ಟದಲ್ಲಿರುತ್ತದೋ ಅದೇ ಅದರ ವಿಶ್ರಾಂತಿಯ ಜಾಗ. ಈಗ ಕಾರು ಲಿಫ್ಟ್ ಮೇಲೆ ನೇತಾಡುತ್ತಿರುವಾಗ ಬಿಗಿ ಮಾಡಿಬಿಟ್ಟರೆ? ಕಾರು ನೆಲಕ್ಕಿಳಿದ ತಕ್ಷಣ ರಬ್ಬರ್ ತಿರುಚಿಕೊಳ್ಳುತ್ತದೆ, ನಿಂತಾಗಲೂ ತಿರುಚಿಕೊಂಡೇ ಇರುತ್ತದೆ. ಗುಂಡಿಗೆ ಇಳಿದಾಗ ಇನ್ನಷ್ಟು. ಬೇಗ ಹರಿಯದೆ ಇನ್ನೇನಾಗುತ್ತದೆ. ಸರಿಯಾದ ಕ್ರಮ ಅಂದರೆ ಬೋಲ್ಟ್‌ಗಳನ್ನು ಕೈಬಿಗಿಯಷ್ಟು ಹಾಕಿ, ಚಕ್ರದ ಮೇಲೆ ಕಾರಿನ ಭಾರ ಬಂದ ಮೇಲೆ ಕೊನೆಯ ಬಿಗಿ ಕೊಡುವುದು. ಲಿಫ್ಟ್ ಮೇಲೇ ಮಾಡುವುದಾದರೆ ಆರ್ಮ್‌ಗೆ ಕೆಳಗಿನಿಂದ ಜಾಕ್ ಕೊಟ್ಟು ಮಾಮೂಲಿ ಎತ್ತರಕ್ಕೆ ತಂದು ಬಿಗಿಸಬೇಕು. ಕೆಲಸಕ್ಕೆ ಕೊಡುವಾಗ ಈ ಒಂದು ಪ್ರಶ್ನೆ ಕೇಳಿ: ‘ಆರ್ಮ್ ಬೋಲ್ಟ್ ಯಾವಾಗ ಟೈಟ್ ಮಾಡ್ತೀರಿ?’ ಉತ್ತರದಲ್ಲೇ ಕೆಲಸಗಾರ ಯಾರು ಅಂತ ಗೊತ್ತಾಗುತ್ತದೆ.

ಬುಷ್ ಮಾತ್ರ ಬದಲಿಸುವುದೋ, ಪೂರ್ತಿ ಆರ್ಮೋ? ಬುಷ್ ಒತ್ತಿ ಕೂರಿಸಲು ಪ್ರೆಸ್ ಬೇಕು. ಕೆಲವು ಬುಷ್‌ಗಳನ್ನು ಗುರುತು ನೋಡಿ ಇಂಥ ದಿಕ್ಕಿಗೇ ಕೂರಿಸಬೇಕು. ಸುತ್ತಿಗೆಯಲ್ಲಿ ಹೊಡೆದು ತೂರಿಸಿದರೆ ಹಾಕುವಾಗಲೇ ಹಾಳು. ನಿಮ್ಮ ಕಾರಿನ ವಯಸ್ಸಿಗೆ ಬಾಲ್ ಜಾಯಿಂಟ್, ಎರಡೂ ಬುಷ್ ಸಮೇತ ಬರುವ ಪೂರ್ತಿ ಆರ್ಮ್ ಹಾಕಿಸುವುದೇ ನನ್ನ ಆಯ್ಕೆ. ಎರಡೂ ಕಡೆ. ಎಡಗಡೆಯ ರಬ್ಬರಿಗೆ ಆದಷ್ಟೇ ವಯಸ್ಸು ಬಲಗಡೆಗೂ ಆಗಿದೆ. ಕಿಲೋಮೀಟರ್ ಕಡಿಮೆ ಓಡಿದ್ದರೂ ರಬ್ಬರ್ ಸುಮ್ನೆ ನಿಂತಲ್ಲೇ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಪಾಲಿಯುರೆಥೇನ್ ಬುಷ್ ಹಾಕಿಸಿ, ಜೀವಮಾನ ಪೂರ್ತಿ ಬರುತ್ತದೆ ಅಂತ ಯಾರಾದರೂ ಹೇಳಬಹುದು. ಅವು ಗಟ್ಟಿ, ಅದಕ್ಕೇ ರಸ್ತೆಯ ಸದ್ದು ನಡುಕ ಎಲ್ಲ ಒಳಗೆ ತರುತ್ತವೆ. ವಯಸ್ಸಾದವರು ಕೂರುವ ಕಾರಿಗೆ ಬೇಡ.

ಶಾಕ್ ಅಬ್ಸಾರ್ಬರ್ ಮೇಲಿನ ಅಪವಾದ

ಕಾರಿನ ಕೆಳಗೆ ಏನೇ ಸದ್ದಾದರೂ ಬೈಗುಳ ಬೀಳುವುದು ಇದಕ್ಕೆ. ಕಾರು ತಗ್ಗಾಗಿದೆ, ಶಾಕ್ ಹೋಗಿದೆ ಅನ್ನುತ್ತಾರೆ. ಕಾರಿನ ಎತ್ತರ ಹಿಡಿಯುವುದು ಸ್ಪ್ರಿಂಗ್. ಸ್ಪ್ರಿಂಗ್ ಕುಣಿಯುವುದನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಅದು ಸೋತರೆ ಹಂಪ್ ದಾಟಿದ ಮೇಲೂ ಕಾರು ಎರಡು ಮೂರು ಸಲ ತೂಗುತ್ತದೆ, ಜೋರು ಬ್ರೇಕಿಗೆ ಮೂಗು ಇಳಿಸುತ್ತದೆ, ಟೈರ್‌ನಲ್ಲಿ ಅಲ್ಲಲ್ಲಿ ಹಳ್ಳ ಬೀಳುತ್ತದೆ. ಮೂಲೆಯನ್ನು ಒತ್ತಿ ಬಿಟ್ಟು ಕುಣಿಸಿ ನೋಡುವ ಪರೀಕ್ಷೆಯಲ್ಲಿ ಪೂರ್ತಿ ಸತ್ತದ್ದು ಮಾತ್ರ ಸಿಕ್ಕಿಬೀಳುತ್ತದೆ, ಅರ್ಧ ಸೋತದ್ದು ಪಾಸಾಗುತ್ತದೆ. ಮೈಮೇಲೆ ತೆಳುವಾಗಿ ಎಣ್ಣೆ ಪಸೆ ಇದ್ದರೆ ಗಾಬರಿ ಬೇಡ. ಎಣ್ಣೆ ಹರಿದು ಕೆಳಗಿಳಿದು ಮಣ್ಣು ಮೆತ್ತಿಕೊಂಡಿದ್ದರೆ ಬದಲಿಸಿ. ಬದಲಿಸುವಾಗ ಎಡ ಬಲ ಜೋಡಿಯಾಗಿಯೇ ಬದಲಿಸಬೇಕು. ಸ್ಟ್ರಟ್ ಹೇಗೂ ಕೆಳಗಿಳಿದಿರುತ್ತದೆ, ಅದೇ ಹೊತ್ತಿಗೆ ಮೇಲಿನ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್ ಹೊಸದು ಹಾಕಿಸಿ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ‘ಟೊಂಯ್’ ಅಂತ ಮಿಡಿದ ಹಾಗೆ ಕೇಳಿದರೆ ಆ ಮೌಂಟ್ ಬೇರಿಂಗ್ ಹಿಡಿದುಕೊಂಡಿದೆ ಅಂತ ಲೆಕ್ಕ.

ಹಳೆ ಶಾಕ್‌ಗೆ ತೂತು ಕೊರೆದು ಎಣ್ಣೆ, ಗ್ಯಾಸ್ ತುಂಬಿ ರಿಪೇರಿ ಮಾಡಿಕೊಡುವುದೂ ಉಂಟು. ಸ್ಪ್ರಿಂಗ್ ಸುತ್ತುಗಳ ನಡುವೆ ರಬ್ಬರ್ ತುಂಡು ತುರುಕಿ ಎತ್ತರ ಮಾಡುವುದೂ ಉಂಟು. ಮೊದಲನೆಯದು ಬಾಳಿಕೆ ಬರುವುದಿಲ್ಲ. ಎರಡನೆಯದು ಸ್ಪ್ರಿಂಗಿನ ಕೆಲವು ಸುತ್ತುಗಳನ್ನು ಕಟ್ಟಿಹಾಕಿ ಉಳಿದವುಗಳ ಮೇಲೆ ಎಲ್ಲ ಹೊರೆ ಹಾಕುತ್ತದೆ. ಎರಡೂ ಬೇಡ.

ರ‍್ಯಾಕ್ ಬಗ್ಗೆ ಅವಸರ ಬೇಡ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಗಾದೆ ಸ್ಟೀರಿಂಗ್ ರ‍್ಯಾಕ್‌ಗೆ ಚೆನ್ನಾಗಿ ಹೊಂದುತ್ತದೆ. ಟೈ ರಾಡ್ ಎಂಡ್, ರ‍್ಯಾಕ್ ಎಂಡ್, ಕಾಲಂ ಜಾಯಿಂಟ್, ರ‍್ಯಾಕ್ ಹಿಡಿದ ರಬ್ಬರ್ ಮೌಂಟ್, ಆರ್ಮ್ ಬುಷ್ ಇವೆಲ್ಲ ಸರಿ ಇವೆ ಅಂತ ಖಾತ್ರಿಯಾದ ಮೇಲೆ ಮಾತ್ರ ರ‍್ಯಾಕ್ ಮೇಲೆ ಅನುಮಾನ ಪಡಬೇಕು. ಹೈಡ್ರಾಲಿಕ್ ಆದರೆ ಬೂಟ್ ಅದುಮಿದಾಗ ಒಳಗೆ ಎಣ್ಣೆ ಸಿಕ್ಕರೆ ಸೀಲ್ ಹೋಗಿದೆ, ಆಗ ರ‍್ಯಾಕ್ ಕೆಲಸ ನಿಜ.

‘ರ‍್ಯಾಕ್ ಟೈಟ್ ಮಾಡಿ ಕೊಡ್ತೀನಿ’ ಅನ್ನುವ ಸುಲಭ ದಾರಿಯೂ ಇದೆ. ರ‍್ಯಾಕ್ ಹೆಚ್ಚು ಸವೆಯುವುದು ನಡುವಿನಲ್ಲಿ, ಯಾಕಂದರೆ ನಾವು ಹೆಚ್ಚು ಹೊತ್ತು ಓಡಿಸುವುದು ನೇರವಾಗಿ. ನಡುವಿನ ಪ್ಲೇ ಹೋಗುವಷ್ಟು ಬಿಗಿ ಮಾಡಿದರೆ ಸವೆಯದ ಎರಡು ತುದಿಗಳಲ್ಲಿ ರ‍್ಯಾಕ್ ಹಿಡಿದುಕೊಳ್ಳುತ್ತದೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಸಡಿಲ ಸ್ಟೀರಿಂಗ್‌ಗಿಂತ ಹಿಡಿದುಕೊಳ್ಳುವ ಸ್ಟೀರಿಂಗ್ ಕೆಟ್ಟದ್ದು. ತಯಾರಕರು ಹೇಳಿದ ಅಳತೆಯೊಳಗೆ ಮಾತ್ರ ಇದನ್ನು ಮಾಡಬೇಕು. ರ‍್ಯಾಕ್ ಬಿಚ್ಚಲೇಬೇಕಾದರೆ, ಏರ್‌ಬ್ಯಾಗ್ ಇರುವ ಕಾರಿನಲ್ಲಿ ಸ್ಟೀರಿಂಗ್ ವೀಲ್ ತಿರುಗದಂತೆ ಕಟ್ಟಿಡಲು ಹೇಳಿ. ಅದು ಸುಮ್ಮನೆ ಸುತ್ತಿದರೆ ಒಳಗಿನ ಕ್ಲಾಕ್ ಸ್ಪ್ರಿಂಗ್ (ಏರ್‌ಬ್ಯಾಗಿಗೆ ವಿದ್ಯುತ್ ಒಯ್ಯುವ ಸುರುಳಿ ಪಟ್ಟಿ) ತುಂಡಾಗಿ ಏರ್‌ಬ್ಯಾಗ್ ದೀಪ ಹತ್ತಿಕೊಳ್ಳುತ್ತದೆ.

ಹಂತ ಹಂತವಾಗಿ ಮಾಡಬಹುದೇ?

ಮಾಡಬಹುದು, ಆದರೆ ಸದ್ದಿನ ಕ್ರಮದಲ್ಲಲ್ಲ. ಪರೀಕ್ಷೆಯಲ್ಲಿ ಬಾಲ್ ಜಾಯಿಂಟ್ ಅಥವಾ ಟೈ ರಾಡ್, ರ‍್ಯಾಕ್ ಎಂಡ್‌ನಲ್ಲಿ ಪ್ಲೇ ಸಿಕ್ಕರೆ ಹಂತದ ಮಾತೇ ಇಲ್ಲ, ಅದು ಆಗುವ ತನಕ ಕಾರು ನಿಲ್ಲಿಸಿ. ಅವು ಚೆನ್ನಾಗಿದ್ದರೆ ಉಳಿದದ್ದಕ್ಕೆ ಕೆಲವು ವಾರ ಸಮಯವಿದೆ, ನಿಧಾನಕ್ಕೆ ಓಡಿಸಿಕೊಂಡಿರಿ. ಹಂಚುವಾಗ ಕೂಲಿ ಎಲ್ಲಿ ಎರಡು ಸಲ ಬೀಳುತ್ತದೆ ಅಂತ ನೋಡಿ. ಲೋವರ್ ಆರ್ಮ್, ಟೈ ರಾಡ್ ಎಂಡ್, ಸ್ಟ್ರಟ್ ಈ ಮೂರರಲ್ಲಿ ಯಾವುದನ್ನು ಮುಟ್ಟಿದರೂ ಅಲೈನ್‌ಮೆಂಟ್ ಬೇಕು. ಹಾಗಾಗಿ ಆಗಬೇಕಾದದ್ದನ್ನು ಒಟ್ಟಿಗೆ ಮಾಡಿಸಿ ಕೊನೆಯಲ್ಲಿ ಒಂದೇ ಸಲ ಅಲೈನ್‌ಮೆಂಟ್ ಮಾಡಿಸುವುದು ಲಾಭ. ಲಿಂಕ್ ರಾಡ್, ಸ್ಟೆಬಿಲೈಸರ್ ಬುಷ್ ಬದಲಿಸಿದರೆ ಅಲೈನ್‌ಮೆಂಟ್ ಬೇಕಿಲ್ಲ, ಅವನ್ನು ಯಾವಾಗ ಬೇಕಾದರೂ ಮಾಡಿಸಬಹುದು. ನೀವು ಬರೆದದ್ದನ್ನು ನೋಡಿದರೆ ಎರಡೂ ಲೋವರ್ ಆರ್ಮ್, ಎರಡೂ ಲಿಂಕ್ ರಾಡ್, ಬಹುಶಃ ಟೈ ರಾಡ್ ಎಂಡ್, ಆಮೇಲೆ ಅಲೈನ್‌ಮೆಂಟ್, ಇಲ್ಲಿಗೆ ನಿಲ್ಲಬಹುದು ಅಂತ ನನ್ನ ಅಂದಾಜು. ಶಾಕ್ ಸೋತಿದ್ದರೆ ಅದೂ ಸೇರುತ್ತದೆ. ಮೂರನೆಯವರ ‘ಪೂರ್ತಿ ಹೊಸದು’ ಪಟ್ಟಿಯಲ್ಲಿ ಸ್ಪ್ರಿಂಗ್, ನಕಲ್ ಎಲ್ಲ ಇದ್ದರೆ, ಅವು ಮುರಿದಿಲ್ಲ ಬಗ್ಗಿಲ್ಲ ಅಂದಮೇಲೆ ಯಾಕೆ ಅಂತ ಕೇಳಿ. ಹಿಂದಿನ ಆಕ್ಸಲ್ ಬುಷ್, ಶಾಕ್ ಕಡೆಗೂ ಒಮ್ಮೆ ಟಾರ್ಚ್ ಬಿಡಲಿ.

ಕಡಿಮೆ ಬೆಲೆಯ ಮಾಲಿನ ಬಗ್ಗೆ. ಲಿಂಕ್ ರಾಡ್, ಸ್ಟೆಬಿಲೈಸರ್ ಬುಷ್‌ನಲ್ಲಿ ಉಳಿಸುವ ಮನಸ್ಸಿದ್ದರೆ ಉಳಿಸಿ. ಬೇಗ ಹೋದರೆ ಕಟಕಟ ಮತ್ತೆ ಬರುತ್ತದೆ, ಅಷ್ಟೇ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ರ‍್ಯಾಕ್ ಎಂಡ್‌ನಲ್ಲಿ ಮಾತ್ರ ಕಾರು ತಯಾರಕರ ಮಾಲು ಅಥವಾ ಅವರಿಗೆ ಪೂರೈಸುವ ಕಂಪನಿಯ ಮಾಲನ್ನೇ ಹಾಕಿಸಿ. ಪೆಟ್ಟಿಗೆ ನೋಡಿ ನಂಬಬೇಡಿ, ನಕಲಿ ಪೆಟ್ಟಿಗೆಗೂ ಬರವಿಲ್ಲ. ಭಾಗವನ್ನು ಕೈಯಲ್ಲಿ ಹಿಡಿದು ಪಿನ್ ಆಡಿಸಿ. ಹೊಸದು ಬಿಗಿಯಾಗಿ, ಒಂದೇ ಸಮನೆ ತಿರುಗಬೇಕು. ಸಲೀಸಾಗಿ ಜೋತುಬಿದ್ದರೆ ವಾಪಸ್ ಕೊಡಿ. ಚಕ್ರ ಹಿಡಿಯುವ ನಕಲ್ ಗುಜರಿಯಿಂದ ತಂದದ್ದಾದರೂ, ಬಗ್ಗದಿದ್ದರೆ, ಹಾಕಬಹುದು. ಗುಜರಿಯ ಜಾಯಿಂಟ್ ಯಾವ ಕಾರಣಕ್ಕೂ ಬೇಡ. ನೈಲಾನ್ ಉಂಗುರದ ನಟ್ಟು, ಸ್ಪ್ಲಿಟ್ ಪಿನ್ ಹಳೆಯದನ್ನೇ ಮತ್ತೆ ಹಾಕಬಾರದು.

ಮನೆಯಲ್ಲೇ ಮಾಡಿಕೊಳ್ಳುತ್ತೇನೆ ಅನ್ನುವ ಉಮೇದು ಇದ್ದರೆ ಲಿಂಕ್ ರಾಡ್ ತನಕ ಸರಿ, ಜಾಕ್ ಜೊತೆ ಸ್ಟ್ಯಾಂಡ್ ಇದ್ದರೆ ಮಾತ್ರ. ಸ್ಟ್ರಟ್ ಮುಟ್ಟಬೇಡಿ. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಮೇಲಿನ ನಡುವಿನ ನಟ್ಟು ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಜೀವವೇ ಹೋಗಬಹುದು.

ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್‌ನ ಮೊದಲಿನ ಮತ್ತು ನಂತರದ ಅಳತೆ ಎರಡೂ ಇರುವ ಪ್ರಿಂಟ್ ಕೇಳಿ ಪಡೆಯಿರಿ, ಬಿಚ್ಚಿದ ಹಳೆ ಭಾಗಗಳನ್ನೂ. 500ರಿಂದ 1,000 ಕಿ.ಮೀ. ಓಡಿದ ನಂತರ ಬೋಲ್ಟ್ ಬಿಗಿ ಮತ್ತೊಮ್ಮೆ ನೋಡಿಸಿ. ಅದಕ್ಕೂ ಮೊದಲೇ, ಅಂದರೆ ಈಗಿನ ಸ್ಥಿತಿಯಲ್ಲಿ, ನೇರ ಹೋಗುವಾಗ ಸ್ಟೀರಿಂಗ್ ವೀಲ್ ಇದ್ದಕ್ಕಿದ್ದಂತೆ ಓರೆಯಾದರೆ, ಅಥವಾ ಮುಂದಿನ ಒಂದು ಚಕ್ರ ಇನ್ನೊಂದಕ್ಕಿಂತ ಬೇರೆ ರೀತಿ ವಾಲಿ ನಿಂತದ್ದು ಕಂಡರೆ, ಗ್ಯಾರೇಜ್ ಪಕ್ಕದ ಬೀದಿಯಲ್ಲೇ ಇದ್ದರೂ ಓಡಿಸಿಕೊಂಡು ಹೋಗಬೇಡಿ. ಮುಂದಿನ ಚಕ್ರ ಎತ್ತಿ ಒಯ್ಯುವ ಗಾಡಿಯನ್ನೇ ಕರೆಸಿ.